ಕೆಂಚವ್ವನ ಬೆಳಗಿನ ಹಲಗೆ

ಬಿಸಿಲು ಬರೋದಕ್ಕೆ ಇನ್ನೂ ಹೊತ್ತೈತೆ, ಕೂತ್ಕೊಳ್ರಿ. ಬಂಡಿ ಕಟ್ಟೋ ಅವಸರ ಯಾರಿಗೂ ಬೇಡ. ಮದುಮಗಳ ಪೆಟ್ಟಿಗೆ ಮುಚ್ಚಳ ತೆಗೆದಿಟ್ಟಿದ್ದೀರಾ? ತೆಗೆದೇ ಇರಲಿ. ಬಾ ಮಗಳೇ, ನೀನು ನನ್ನ ಪಕ್ಕ ಬಾ. ಬೀಗರು ಆ ಜಗಲಿ ಮೇಲೆ ಕೂರಲಿ. 'ಇದೇನಪ್ಪಾ, ಈ ಊರಿನೋರು ಹೆಣ್ಣು ಕಳಿಸೋಕೆ ಬಿಸಿಲು ಕಾಯ್ತಾರೆ' ಅಂತ ಆಗಲೇ ಮುಖ ಮುಖ ನೋಡ್ಕೊಳ್ತಿದ್ದಾರೆ. ಅವರಿಗೆ ಗೊತ್ತಿಲ್ಲ, ಪಾಪ. ಗೊತ್ತಿಲ್ಲದೋರು ಕೇಳ್ಲಿ, ಗೊತ್ತಿರೋರು ಹೂಂಗುಟ್ಟಲಿ. ನಡುವೆ ಬಾಯಿ ಹಾಕಿದರೆ ಮಾತ್ರ ನಾನು ಸುಮ್ಮನಿರೋಳಲ್ಲ.

ಬಹಳ ಹಿಂದೆ, ಇಷ್ಟು ವರ್ಷ ಅಂತ ಬೆರಳು ಮಡಚೋಕೆ ಆಗದಷ್ಟು ಹಿಂದೆ, ಎರೆಸೀಮೆಯಲ್ಲಿ ಒಂದೂರಿತ್ತಂತೆ. ಕುಸುಬನೂರು ಅಂತ ಅದರ ಹೆಸರು. ಹೌದಮ್ಮ, ಈ ಊರೇ. ಆದರೆ ಆಗ ಕೆರೆಗೆ ಏರಿ ಇರಲಿಲ್ಲ, ಗುಡಿಗೆ ಕಳಸ ಇರಲಿಲ್ಲ, ಊರ ಸುತ್ತ ಎತ್ತ ನೋಡಿದರೂ ಅಗಸೆ ಹೊಲ. ಬೇವಿನ ಮರದ ಕೆಳಗೆ ಒಂದು ಎಣ್ಣೆ ಗಾಣ, ಗಾಣದ ಮನೆಗೆ ಒಬ್ಬಳೇ ಮಗಳು. ಅವಳೇ ಕೆಂಚವ್ವ. ಅವಳನ್ನ ನಾನು ಕಂಡಿಲ್ಲ, ನಮ್ಮಜ್ಜಿ ಕಂಡಿಲ್ಲ, ನಮ್ಮಜ್ಜಿಯ ಅಜ್ಜಿಯೂ ಕಂಡಿಲ್ಲ. ಬಿಸಿಲು ಕಂಡೈತೆ.

ಗಾಣದ ಮನೆಯಲ್ಲಿ ಒಂದು ಪದ್ಧತಿ ಇತ್ತಂತೆ. ಹಿಂಡಿದ ಅಗಸೆ ಎಣ್ಣೆ ಮೊದಲು ಕಂದು ಕಂದಾಗಿರೋದು. ಅದನ್ನ ಅಗಲವಾದ ಹಿತ್ತಾಳೆ ತಟ್ಟೆಗೆ ಸುರಿದು ಮಾಳಿಗೆ ಮೇಲೆ ಬಿಸಿಲಿಗಿಡೋರು. ದಿನಾ ದಿನಾ ಬಿಸಿಲು ಕುಡಿದು ಕುಡಿದು ಎಣ್ಣೆ ಬಾವಿ ನೀರಿನಂಗೆ ತಿಳಿಯಾಗೋದು. ಕಾಗೆ ಬಾಯಿ ಹಾಕದಂಗೆ ಕಾಯೋ ಕೆಲಸ ಕೆಂಚವ್ವನದು. ಹಿಂಗಾಗಿ ಹುಡುಗಿ ಬೆಳೆದದ್ದೆಲ್ಲ ಮಾಳಿಗೆ ಮೇಲೆ, ಬಿಸಿಲಲ್ಲಿ. ಬೇರೆ ಮಕ್ಕಳು ಗಜ್ಜುಗ ಆಡ್ತಿದ್ದರೆ ಇವಳು ಊರಿನ ತೋಟಗಳ ಮೇಲೆ ಬಿಸಿಲು ಎಲ್ಲಿಂದ ಎಲ್ಲಿಗೆ ನಡೀತದೆ ಅಂತ ನೋಡ್ತಾ ಕೂರೋಳಂತೆ. 'ಏನೇ ನೋಡ್ತೀ?' ಅಂತ ಅವರವ್ವ ಕೇಳಿದರೆ 'ಹೊತ್ತು' ಅನ್ನೋಳಂತೆ.

ಒಂದು ಸಲ ಗುಡಿ ಗೋಡೆಗೆ ಚಿತ್ರ ಬರೆಯೋರು ಬಂದಿದ್ದರು. ಅವರದು ಅಂಟಿನ ಬಣ್ಣ. ಮರದ ಅಂಟಲ್ಲಿ ಬಣ್ಣದ ಪುಡಿ ಕಲಸಿ ಹಚ್ಚಿದರೆ ಹಚ್ಚಿದಲ್ಲೇ ಒಣಗೋದು. ಕೆಂಚವ್ವ ಅವರ ಕಣ್ಣು ತಪ್ಪಿಸಿ ಒಂದು ಹಿಡಿ ಇಂಗಳೀಕ, ಅದೇ ಕೆಂಪು ಬಣ್ಣದ ಪುಡಿ, ಕದ್ದುಕೊಂಡು ಬಂದಳಂತೆ. ಕದ್ದಿದ್ದೇನೋ ಸರಿ, ಅವ್ವ ಎದುರಿಗೆ ಬಂದುಬಿಟ್ಟಳಲ್ಲ! ಎಲ್ಲಿ ಬಚ್ಚಿಡೋದು? ಎಣ್ಣೆ ತಟ್ಟೆಗೇ ಹಾಕಿಬಿಟ್ಟಳು. ಆಮೇಲೆ ಕೈ ಒರೆಸಿದ್ದು ಲಂಗಕ್ಕೆ. ಅವರವ್ವ ಸೀಗೆ ಹಾಕಿ ತಿಕ್ಕಿದಳು, ಬೂದಿ ಹಾಕಿ ತಿಕ್ಕಿದಳು, ಕಲ್ಲಿಗೆ ಬಡಿದಳು, ಕೊನೆಗೆ ಮಗಳಿಗೇ ಬಡಿದಳು. ಹುಡುಗಿ ಬೆನ್ನ ಮೇಲಿನ ಬಾಸುಂಡೆ ಹೋಯಿತು, ಲಂಗದ ಮೇಲಿನ ಬಣ್ಣ ಹೋಗಲಿಲ್ಲ. ಆ ಮಳೆಗಾಲದಲ್ಲಿ ಗುಡಿ ಸೋರಿ ಅಂಟಿನ ಚಿತ್ರವೆಲ್ಲ ಇಳಿದು ಹೋದಾಗಲೂ ಕೆಂಚವ್ವನ ಲಂಗದ ಕೆಂಪು ಹಂಗೇ ಹೊಳೀತಿತ್ತಂತೆ.

ಅಲ್ಲಿಂದ ಶುರುವಾಯಿತು ನೋಡ್ರಿ. ಕೆಮ್ಮಣ್ಣು ಅರೆದಳು, ಹಳದಿ ಮಣ್ಣು ಅರೆದಳು, ನೀಲಿ ಅರೆದಳು, ಬಿಳೀ ಸಫೇದ ಅರೆದಳು. ಎಲ್ಲಾನೂ ಅಗಸೆ ಎಣ್ಣೆಯಲ್ಲಿ. ಅಳಿಲಿನ ಬಾಲದ ಕೂದಲು ಕಟ್ಟಿ ಕುಂಚ ಮಾಡಿದಳು. ಹಲಸಿನ ಹಲಗೆ ಮೇಲೆ ಬರೆದಳು. ದೇವರನ್ನ ಬರೀಲಿಲ್ಲ, ರಾಜನ್ನ ಬರೀಲಿಲ್ಲ, ಆನೆ ಕುದುರೆ ಬರೀಲಿಲ್ಲ. ತೋಟ ಬರೆದಳು. ಬದನೆ ಮಡಿ, ಅವರೆ ಚಪ್ಪರ, ಬಾಳೆ ಸಾಲು, ಹೂವಿನ ಪಾತಿ. ತೋಟದ ಮೇಲೆ ಬಿದ್ದ ಬಿಸಿಲು ಬರೆದಳು. ಮದುವೆಯಾದಳೋ ಇಲ್ಲವೋ, ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ನಮಗ್ಯಾಕೆ ಅದು?

ಅವಳು ಬರೆಯೋ ರೀತಿ ಹೇಳ್ತೀನಿ, ಕೇಳ್ರಿ. ಒಂದೇ ತೋಟಕ್ಕೆ ಬಗಲಲ್ಲಿ ಹಲಗೆ ಮೇಲೆ ಹಲಗೆ ಹೊತ್ತುಕೊಂಡು ಹೋಗೋಳು. ಎಳೆಬಿಸಿಲಿಗೊಂದು, ಏರುಬಿಸಿಲಿಗೊಂದು, ನೆತ್ತಿ ಬಿಸಿಲಿಗೊಂದು, ಇಳಿಬಿಸಿಲಿಗೊಂದು. ಬಿಸಿಲು ಒಂದು ಗೇಣು ಜರುಗಿತೋ, ಬರೀತಿದ್ದ ಹಲಗೆ ಕೆಳಗಿಟ್ಟು ಮುಂದಿನದು ಎತ್ತಿಕೊಳ್ಳೋಳು. ಕೆಳಗಿಟ್ಟದ್ದನ್ನ ಮತ್ತೆ ಎತ್ತೋದು ಮಾರನೇ ದಿನ, ಅದೇ ಹೊತ್ತಿಗೆ. ಎಣ್ಣೆ ಬಣ್ಣ ಅಂಟಿನ ಬಣ್ಣದಂಗೆ ಅವಸರದ್ದಲ್ಲ, ಅವಳು ಬರೋವರೆಗೂ ಹಸಿಯಾಗೇ ಕಾದಿರೋದು. ಮೋಡ ಬಂತೋ, ಆವತ್ತು ಕೆಲಸ ಇಲ್ಲ. ಜನ ನಗೋರು. 'ಹುಚ್ಚು ಕೆಂಚಿ, ತೋಟ ಎಲ್ಲಿಗೆ ಓಡಿಹೋಗ್ತದೆ, ಒಂದೇ ಕೂರಿಕೆಗೆ ಬರೆದು ಮುಗಿಸೋದು ಬಿಟ್ಟು' ಅನ್ನೋರು. ಗೌಡರು ಒಂದು ಸಲ 'ನಮ್ಮ ತೋಟ ಬರಿಯೇ' ಅಂದರೆ, ಇವಳು 'ಯಾವ ಹೊತ್ತಿನದು?' ಅಂದಳಂತೆ. ತೋಟಕ್ಕೆ ಹೊತ್ತೇನು, ತೋಟ ತೋಟಾನೇ ಅಂದರಂತೆ ಗೌಡರು. 'ಹಂಗಾದರೆ ಒಂದಿನ ಪೂರ್ತಿ ತೋಟದಲ್ಲಿ ಕೂತಿದ್ದು ಬನ್ನಿ, ಆಮೇಲೆ ಹೇಳಿ' ಅಂತ ಕಳಿಸಿದಳಂತೆ. ಗೌಡರು ನಿಜವಾಗ್ಲೂ ಹೋಗಿ ಕೂತರಂತೆ. ಸಂಜೆಗೆ ಬಂದು ಮೆಲ್ಲಗೆ 'ಇಳಿಹೊತ್ತಿನದು ಬರಿಯವ್ವ' ಅಂದರಂತೆ.

ಬರೆದರೆ ಹೆಂಗಿರೋದು ಅಂತೀರಿ? ನೆತ್ತಿ ಬಿಸಿಲಿನ ಹಲಗೆ ಮುಂದೆ ಕೂತೋರಿಗೆ ಬೆವರು ಕಿತ್ತು ಬರೋದಂತೆ. ಗೌಡರ ಮನೆ ಎಮ್ಮೆ, ಹಟ್ಟಿ ಗೋಡೆಗೆ ಒರಗಿಸಿದ್ದ ಇಳಿಹೊತ್ತಿನ ಹಲಗೆ ನೋಡಿ, ಮೇಯೋಕೆ ಹೊರಟಿದ್ದು ವಾಪಸ್ಸು ಕೊಟ್ಟಿಗೆಗೆ ಬಂದು ನಿಂತಿತಂತೆ. ಬೆಳಗಿನ ಹಲಗೆ ಕಂಡರೆ ಹುಂಜ ಕೂಗ್ತಿತ್ತು ಅಂತಲೂ ಹೇಳ್ತಾರೆ. ಅದನ್ನ ನಾನು ನಂಬಲ್ಲ, ಹುಂಜಕ್ಕೆ ಕೂಗೋಕೆ ನೆಪ ಬೇಕಾ? ಆದರೆ ಜೇನು ಬಂದು ಹಲಗೆ ಮೇಲಿನ ಕುಂಬಳದ ಹೂವಿನ ಮೇಲೆ ಕೂತದ್ದು ನಿಜ. ಅದನ್ನ ಎಲ್ಲರೂ ಹೇಳ್ತಾರೆ.

ಆ ಕಾಲದಲ್ಲಿ ಊರಲ್ಲಿ ಮುರಿಗೆಪ್ಪ ಅಂತ ಒಬ್ಬ ಹೂಗಾರ. ಗುಡಿಗೆ ಹೂ ಕೊಡೋ ಮನೆತನ. ಅವನ ಹೆಂಡತಿ ನಿಂಬವ್ವ. ಕೆರೆಯಂಚಿಗೆ ಅವರ ಹೂತೋಟ. ಮಲ್ಲಿಗೆ, ಕನಕಾಂಬರ, ಮರುಗ, ಪಚ್ಚೆತೆನೆ. ನಿಂಬವ್ವ ಗುಡಿ ಗಂಟೆ ಬಾರಿಸೋಕೆ ಮುಂಚೆ ಎದ್ದು, ಮೊಗ್ಗು ಬಿಡಿಸೋಳು. ಒಂದು ಸೊಂಟದ ಮೇಲೆ ಹೂಬುಟ್ಟಿ, ಇನ್ನೊಂದು ಸೊಂಟದ ಮೇಲೆ ಹಾಲು ಬಿಡದ ಹೆಣ್ಣು ಕೂಸು. ಕೂಸಿನ ಹೆಸರು ಸಂಪವ್ವ. ಕೆಂಚವ್ವ ಹಲಗೆ ಹೊತ್ತು ಆ ದಾರೀಲಿ ಹೋದರೆ ನಿಂಬವ್ವ ಕೂಗಿ ಕರೆದು ಒಂದು ಹಿಡಿ ಮೊಗ್ಗು ಅವಳ ಉಡಿಗೆ ಹಾಕೋಳು. 'ನಿನ್ನ ಹಲಗೇಲಿ ವಾಸನೆ ಬರಲ್ಲ, ಇದನ್ನಾದರೂ ಇಟ್ಕೋ' ಅಂತ ಚೇಷ್ಟೆ ಮಾಡೋಳು. ಇಬ್ಬರಿಗೂ ಅಷ್ಟು ಸಲುಗೆ.

ಆ ನಿಂಬವ್ವನಿಗೆ ಕೆಮ್ಮು ಹಿಡೀತು. ಮೊದಲು ಕೆಮ್ಮು, ಆಮೇಲೆ ಕೆಮ್ಮಿನ ಜೊತೆ ರಕ್ತ. ನಾಟಿ ಮದ್ದಾಯಿತು, ಹರಕೆಯಾಯಿತು, ಯಾವುದೂ ನಾಟಲಿಲ್ಲ. ಮುರಿಗೆಪ್ಪ ಕೆಂಚವ್ವನ ಮನೆ ಬಾಗಿಲಿಗೆ ಬಂದು ನಿಂತುಕೊಂಡ. ಕೂಸಿಗೆ ಇನ್ನೂ ತಿಳಿವಳಿಕೆ ಇಲ್ಲ, ನಾಳೆ ದೊಡ್ಡವಳಾಗಿ ನಮ್ಮವ್ವ ಹೆಂಗಿದ್ದಳು ಅಂತ ಕೇಳಿದರೆ ನಾನೇನು ತೋರಿಸ್ಲಿ, ನನ್ನ ಹೆಂಡತೀನ ಒಂದು ಹಲಗೆ ಮೇಲೆ ಬರೆದುಕೊಡು ಅಂತ ಕೈ ಮುಗಿದನಂತೆ.

ಕೆಂಚವ್ವ ಇಕ್ಕಟ್ಟಿಗೆ ಸಿಕ್ಕಿದಳು. ಯಾಕಂದರೆ ಅವಳಿಗೆ ಮುಖ ಬರೆಯೋಕೆ ಬರ್ತಿರಲಿಲ್ಲ. ಒಂದೇ ಒಂದು ಸಲ ಬರೆದಿದ್ದಳು, ಸ್ವಂತ ಅವ್ವನ ಮುಖ. ಅದನ್ನ ನೋಡಿ ಅವರವ್ವ 'ಯಾವ ಹೊಲದ ಕುಂಬಳಕಾಯೇ ಇದು?' ಅಂದಿದ್ದಳಂತೆ. 'ಮುರಿಗೆಪ್ಪ, ನನಗೆ ಮುಖ ಬರಲ್ಲಪ್ಪ. ಬಿಸಿಲು ಬರ್ತದೆ. ಅವಳು ಇರೋ ಹೊತ್ತು ಬರೆದುಕೊಡ್ತೀನಿ' ಅಂದಳು. ಮುರಿಗೆಪ್ಪನಿಗೆ ಅದು ಅರ್ಥವಾಗಲಿಲ್ಲ, ಆದರೂ ಹೂಂ ಅಂದ. ಮುಳುಗೋನಿಗೆ ಹುಲ್ಲುಕಡ್ಡಿ ಆಸರೆ. ಯಾವ ಹೊತ್ತಿನದು ಅಂತ ನಿಂಬವ್ವನನ್ನೇ ಕೇಳಿದಾಗ, ಅವಳು ಯೋಚನೆನೇ ಮಾಡಲಿಲ್ಲವಂತೆ. ಬೆಳಗಿನದು, ಗುಡಿ ಗಂಟೆಗೆ ಮುಂಚಿನದು ಅಂದಳಂತೆ.

ದಿನಾ ಬೆಳಗ್ಗೆ ಕೆಂಚವ್ವ ಹೂತೋಟದ ಕಾಲುದಾರಿ ತುದೀಲಿ, ಸೂರ್ಯನಿಗೆ ಬೆನ್ನು ಮಾಡಿ ಕೂರೋಳು. ಎಳೆಬಿಸಿಲು ಇರೋದೇ ಎಷ್ಟು ಹೊತ್ತು? ಒಂದು ಬಿಂದಿಗೆ ನೀರು ಸೇದೋಷ್ಟು. ಅಷ್ಟರಲ್ಲಿ ಎಷ್ಟಾದರೆ ಅಷ್ಟು. ಮೊಗ್ಗಿನ ಬಿಳುಪು, ಎಲೆ ತುದಿಯ ಹನಿ, ಈಗಷ್ಟೇ ನೀರು ಹಾಯಿಸಿದ ದಾರಿ. ಒಂದು ದಿನ ನಿಂಬವ್ವ ಗೋಡೆ ಹಿಡಿದು, ಬೇಲಿ ಹಿಡಿದು, ಹೂಬುಟ್ಟಿ ಒಂದು ಸೊಂಟಕ್ಕೆ, ಕೂಸನ್ನ ಇನ್ನೊಂದು ಸೊಂಟಕ್ಕೆ ಏರಿಸಿಕೊಂಡು ಬಂದಳಂತೆ. ಕೆಂಚವ್ವನ ಬೆನ್ನ ಹಿಂದೆ ಬಂದು ನಿಂತಳು. ಅವಳ ನೆರಳು ಕೆಂಚವ್ವನ ಪಕ್ಕದಿಂದ ಹಾದು ಒದ್ದೆ ದಾರಿ ಮೇಲೆ ಉದ್ದಕ್ಕೆ ಬಿತ್ತು. ಕೆಂಚವ್ವ ತಿರುಗಿ ನೋಡಲಿಲ್ಲ. 'ಅಲುಗಬೇಡ ತಾಯೀ, ಹಂಗೇ ನಿಂತಿರು' ಅಂದಳು. ಆಮೇಲೆ ಕುಂಚ ಅದ್ದಿದಳು.

ಮಾರನೇ ದಿನ ನಿಂಬವ್ವ ಬಂದಳು, ಅದರ ಮಾರನೇ ದಿನವೂ ಬಂದಳು. ಬರೆದದ್ದನ್ನ ಬಗ್ಗಿ ನೋಡಿದಳು. ನೋಡಿ ನಕ್ಕಳಂತೆ, ಕೆಮ್ಮು ಬರೋವರೆಗೂ ನಕ್ಕಳಂತೆ. ಆಮೇಲೆ, 'ಇದನ್ನ ಯಾರಿಗೂ ಹೇಳಬೇಡ ಕೆಂಚಿ. ನನ್ನ ಮಗಳು ದೊಡ್ಡವಳಾಗಿ ಅವಳೇ ಕಂಡುಕೊಳ್ಳಲಿ' ಅಂತ ಆಣೆ ತಗೊಂಡಳು. ಹಲಗೆ ಮೇಲಿನ ಬಣ್ಣ ಒಣಗೋಕೆ ಮುಂಚೆ ನಿಂಬವ್ವ ಹೋದಳು.

ಒಣಗಿದ ಮೇಲೆ ಕೆಂಚವ್ವ ಹಲಗೆ ತಂದುಕೊಟ್ಟಾಗ, ಮುರಿಗೆಪ್ಪ ಅದರ ಮುಖ ನೋಡಲಿಲ್ಲ. ಆಗಲಿಲ್ಲ ಅವನ ಕೈಲಿ. ಎದೆಗೆ ಅವಚಿಕೊಂಡು ಒಳಗೆ ಹೋದ. ಈಗ ಅವನು ಮಾಡಿದ ತಪ್ಪು ಕೇಳ್ರಿ. ಬೈಬೇಡ್ರಿ ಅವನನ್ನ. ಹೂಗಾರರ ಹುಟ್ಟುಬುದ್ಧಿ ಅದು. ಕಿತ್ತ ಹೂವಿಗೆ ಬಿಸಿಲೇ ವೈರಿ. ಮೊಗ್ಗು ಬಿಡಿಸಿದ ಕೂಡ್ಲೇ ಬಟ್ಟೆ ಸುತ್ತಬೇಕು, ಕತ್ತಲ ಮೂಲೆಗೆ ಸೇರಿಸಬೇಕು, ಇಲ್ಲಾಂದರೆ ಗುಡಿ ಮುಟ್ಟೋಕೆ ಮುಂಚೆ ಬಾಡ್ತದೆ. ಏಳು ತಲೆಮಾರಿಂದ ಅದನ್ನೇ ಕಲಿತ ಕೈ ಅದು. ಹೆಂಡತಿಯ ಹೂತೋಟ ಬಾಡಬಾರದು ಅಂತ ಅವಳದೇ ಪಟ್ಟೆ ಸೀರೆ ಸುತ್ತಿದ, ಪೆಟ್ಟಿಗೇಲಿಟ್ಟ, ಕತ್ತಲ ಕೋಣೇಲಿಟ್ಟ, ಬೀಗ ಹಾಕಿದ. ಮಗಳು ಗಂಡನ ಮನೆಗೆ ಹೋಗೋ ದಿನ ತೆಗೀತೀನಿ ಅಂದುಕೊಂಡ. ದಾರೀಲಿ ಸಿಕ್ಕಾಗ ಕೆಂಚವ್ವ ಕೇಳೋಳು: ಹಲಗೆ ಹೆಂಗೈತಪ್ಪ? 'ಜೋಪಾನವಾಗೈತೆ' ಅನ್ನೋನು. ಜೋಪಾನ ಅಂದರೆ ಗೋಡೆಗೆ ತಗುಲಿಸಿದಾನೆ ಅಂದುಕೊಂಡಳು ಅವಳು.

ಸಂಪವ್ವ ಬೆಳೆದಳು. ಆ ಹೂತೋಟಕ್ಕೆ ಮುರಿಗೆಪ್ಪ ಆಮೇಲೆ ಕಾಲಿಡಲಿಲ್ಲ. ಬೇರೆ ಕಡೆ ಪಾತಿ ಮಾಡಿದ, ಹಳೇ ತೋಟದಲ್ಲಿ ಜೋಳ ಬೆಳೆದರು. ಹುಡುಗಿಗೆ ಅವ್ವನ ಮುಖ ನೆನಪಿಲ್ಲ, ದನಿ ನೆನಪಿಲ್ಲ, ತೋಟವೂ ಇಲ್ಲ. ಇದ್ದದ್ದು ಒಂದು ಬೀಗ ಹಾಕಿದ ಪೆಟ್ಟಿಗೆ. ಬೇರೆ ಮಕ್ಕಳು 'ನಿಮ್ಮವ್ವ ಎಲ್ಲೇ?' ಅಂದರೆ 'ಪೆಟ್ಟಿಗೇಲಿ' ಅನ್ನೋಳಂತೆ. ಕೋಣೆಗೆ ಹೋಗಿ ಪೆಟ್ಟಿಗೆಗೆ ಕಿವಿ ಇಟ್ಟು ಮಲಗೋಳಂತೆ. ಅಯ್ಯೋ ಕಂದ, ನೆನೆಸಿಕೊಂಡರೆ ಈಗಲೂ ಕರುಳು ಚುರ್ ಅಂತದೆ.

ಮದುವೆಯಾಯಿತು. ದೂರದ ಊರಿನ ಸಂಬಂಧ. ಬೀಗತಿ ಹೆಸರು ರುದ್ರವ್ವ; ಬಾಯಿ ಅಂದರೆ ಬಾಯಿ, ಅವಳು ಮಾತಾಡಿದರೆ ಕಣಜದಲ್ಲಿನ ಇಲಿ ಊರು ಬಿಡಬೇಕು. ಹೆಣ್ಣು ಕಳಿಸೋ ದಿನ ಎಲ್ಲರೂ ಪಡಸಾಲೇಲಿ ಸೇರಿದರು. ಮುರಿಗೆಪ್ಪ ಬೀಗ ತೆಗೆದ, ಸೀರೆ ಬಿಚ್ಚಿದ, ಹಲಗೆ ಎತ್ತಿ ಮಗಳ ಮುಂದೆ ಹಿಡಿದ.

ಏನಿತ್ತು? ಏನೂ ಇರಲಿಲ್ಲ. ಹಲಗೆ ತುಂಬ ಕಷಾಯ ಸುರಿದಂಗೆ ಒಂದೇ ಹಳದಿ ಕಂದು. ಮೊಗ್ಗಿಲ್ಲ, ಎಲೆಯಿಲ್ಲ, ಬೆಳಗಿಲ್ಲ. ಸಂಪವ್ವ ಅಳಲಿಲ್ಲವಂತೆ. ಹಲಗೆ ತಿರುವಿ ಹಿಂಬದಿ ನೋಡಿದಳು. ಅವ್ವ ಆ ಕಡೆ ಇರಬಹುದೇನೋ ಅಂತ. ಅದನ್ನ ನೋಡಿ ಮುರಿಗೆಪ್ಪ ಕುಸಿದು ಕೂತ. 'ಹೊಸಿಲು ದಾಟೋ ಹೊತ್ತಿಗೆ ಇದೆಂಥ ಅಪಶಕುನ ಮುಂದೆ ತಂದಿಟ್ಟಿರಿ?' ಅಂತ ರುದ್ರವ್ವ ಎದೆ ಮೇಲೆ ಕೈ ಇಟ್ಟುಕೊಂಡಳು. ಗಾಣದೋಳ ಬಣ್ಣ ಕೈಕೊಟ್ಟಿತು ಅಂತ ಯಾರೋ ಅಂದರು. ಹೋಗಿ ಕೆಂಚವ್ವನನ್ನ ಕರೆತಂದರು.

ಕೆಂಚವ್ವನಿಗೆ ಆಗ ವಯಸ್ಸಾಗಿತ್ತು. ಬಿಸಿಲು ನೋಡಿ ನೋಡಿ ಕಣ್ಣಿಗೆ ಪೊರೆ ಬಂದಿತ್ತು. ಬೆಳಕು ಕತ್ತಲೆ ತಿಳಿಯೋದು, ಬಣ್ಣ ತಿಳೀತಿರಲಿಲ್ಲ. ಕೋಲೂರಿಕೊಂಡು ಬಂದು, ಹಲಗೆಗೆ ಮೂಗು ತಾಗಿಸಿ ಮೂಸಿದಳು. ಬೆರಳಾಡಿಸಿದಳು. ಎಲ್ಲಿತ್ತು ಇದು ಅಂತ ಕೇಳಿದಳು. ಪೆಟ್ಟಿಗೇಲಿ ಅಂದರು. ಯಾವಾಗಿಂದ? ಆವತ್ತಿಂದ. 'ಅಯ್ಯೋ ಪುಣ್ಯಾತ್ಮ!' ಅಂತ ಕೋಲು ಎತ್ತಿಯೇಬಿಟ್ಟಳಂತೆ ಮುರಿಗೆಪ್ಪನ ಮೇಲೆ. 'ಇದು ಕಿತ್ತ ಹೂವೇನೋ? ಎಣ್ಣೆ ಕಣೋ ಇದು! ಅಗಸೆ ಎಣ್ಣೆ ಕತ್ತಲಲ್ಲಿಟ್ಟರೆ ಹಳದಿ ಹಿಡೀದೆ ಇನ್ನೇನಾಗ್ತದೆ?' ಆಮೇಲೆ ಅವನು ಬಿಕ್ಕೋದು ಕೇಳಿಸಿ ಕೋಲು ಕೆಳಗಿಟ್ಟಳು.

ಅವಳಿಗೆ ಮಾಳಿಗೆ ನೆನಪಾಯಿತು, ಹಿತ್ತಾಳೆ ತಟ್ಟೆ ನೆನಪಾಯಿತು. ಕಂದು ಎಣ್ಣೆ ಬಿಸಿಲು ಕುಡಿದು ತಿಳಿಯಾಗ್ತಿದ್ದದ್ದು ನೆನಪಾಯಿತು. ಆದರೆ ತಟ್ಟೆಯಲ್ಲಿದ್ದದ್ದು ಹಸಿ ಎಣ್ಣೆ. ಹಲಗೆಗೆ ಹತ್ತಿ, ಒಣಗಿ, ಇಷ್ಟು ಕಾಲ ಕತ್ತಲಲ್ಲಿ ಕೂತ ಎಣ್ಣೆ ತಿಳಿಯಾದೀತಾ? ಅವಳು ಕಂಡಿರಲಿಲ್ಲ, ಯಾರೂ ಕಂಡಿರಲಿಲ್ಲ. ಆದರೂ, 'ಬಿಸಿಲಿಗಿಡ್ರಿ. ನನಗೆ ಗೊತ್ತಿರೋದು ಅಷ್ಟೇ' ಅಂದಳು.

ಬಂಡಿ ಕಟ್ಟಿ ನಿಂತಿತ್ತು. ಆದರೆ ಸಂಪವ್ವ, ನಮ್ಮವ್ವನ ಹೊತ್ತು ನೋಡದೆ ನಾನು ಈ ಹೊಸಿಲು ದಾಟಲ್ಲ ಅಂತ ಕಂಬ ಹಿಡಿದು ಕೂತಳು. ಗಂಡಿನ ಕಡೆಯೋರು ಗುಜುಗುಜು ಅಂದರು. ರುದ್ರವ್ವ ಆಕಾಶ ಭೂಮಿ ಒಂದು ಮಾಡಿದಳು. ಕೊನೆಗೆ ಅವಳೇ, ಅಮಾವಾಸ್ಯೆಗೆ ಮುಂಚೆ ಹೊರಡಲೇಬೇಕು, ಅಲ್ಲೀವರೆಗೆ ಏನು ಮಾಡ್ಕೊಳ್ತೀರೋ ಮಾಡ್ಕೊಳ್ಳಿ, ಆಮೇಲೆ ನನ್ನ ಸೊಸೆ ಕೈ ಹಿಡಿದು ಎಳಕೊಂಡು ಹೋಗ್ತೀನಿ ಅಂದಳಂತೆ. ಹುಣ್ಣಿಮೆ ಆಗಲೇ ಕಳೆದಿತ್ತು.

ಅಂಗಳದಲ್ಲಿ ಹಲಗೆ ಒರಗಿಸಿದರು. ಸೂರ್ಯ ತಿರುಗಿದಂಗೆ ಹಲಗೆ ತಿರುಗಿಸೋರು. ಅದರ ಮೇಲೆ ಯಾರ ನೆರಳೂ ಬೀಳಬಾರದು ಅಂತ ಕಟ್ಟಪ್ಪಣೆ. ಬಂದೋರಿಗೆಲ್ಲ 'ನೆರಳು ಬಿಡ್ರಿ, ನೆರಳು ಬಿಡ್ರಿ' ಅನ್ನೋದೇ ಸಂಪವ್ವನ ಕೆಲಸ. ಮೇಕೆ ಓಡಿಸಿದಳು, ಕಾಗೆ ಓಡಿಸಿದಳು. ಕೆಂಚವ್ವ ಪಕ್ಕದಲ್ಲಿ ಚಾಪೆ ಹಾಕಿ ಕೂತಳು. ಸಂಜೆ ಸಂಜೆ ಕೇಳೋಳು: 'ಏನು ಕಾಣ್ತದೆ ಮಗಾ?' 'ಅದೇ ಕಷಾಯ ಅಜ್ಜಿ.' ಮಾರನೇ ದಿನ ಕೇಳಿದಳು, ಅದೇ ಕಷಾಯ. ಅದರ ಮಾರನೇ ದಿನ ಮೋಡ ಕವೀತು, ಬಿಸಿಲೇ ಇಲ್ಲ. ಜನ ಬರೋದು ಬಿಟ್ಟರು. ಕೆಂಚವ್ವ ಊಟ ಬಿಟ್ಟಳು. ನಿಂಬವ್ವನಿಗೆ ಕೊಟ್ಟ ಮಾತು ಕತ್ತಲಲ್ಲೇ ಕೊಳೆತು ಹೋಯಿತಲ್ಲ ಅಂತ ಒಳಗೇ ಬೇಯ್ತಿದ್ದಳು. ಆ ಮಗುವಿಗೆ ಹೇಳಿಬಿಡೋಣ ಅಂತ ನಾಲಿಗೆ ತುದಿಗೆ ಬರೋದು, ಆಣೆ ನೆನಪಾಗಿ ನುಂಗಿಕೊಳ್ಳೋಳು.

ಮೋಡ ಹರೀತು. ಬಿಸಿಲು ಬಂತು ನೋಡ್ರಿ, ಮಳೆ ತೊಳೆದ ಬಿಸಿಲು. ಆವತ್ತು ಸಂಜೆ ಕೆಂಚವ್ವ ಕೇಳೋಕೆ ಮುಂಚೆನೇ ಸಂಪವ್ವ ಮೆಲ್ಲಗೆ ಅಂದಳು: 'ಅಜ್ಜಿ, ಒಂದು ಬಿಳೀ ಚುಕ್ಕಿ.' ಕೆಂಚವ್ವನ ಕೈಯಿಂದ ಕೋಲು ಬಿತ್ತು. ಅದು ಮಲ್ಲಿಗೆ ಮೊಗ್ಗು. ಮಾರನೇ ದಿನ ಮೊಗ್ಗಿನ ಪಕ್ಕ ಮೊಗ್ಗು. ಆಮೇಲೆ ಎಲೆಯಲ್ಲಿ ಹಸಿರು. ಆಮೇಲೆ ಕನಕಾಂಬರ. ಹಲಗೆಯೊಳಗೆ ಬೆಳಗಾಗ್ತಾ ಬಂತು! ಹೊರಗಿನ ಬಿಸಿಲು ಒಳಗಿನ ಬಿಸಿಲನ್ನ ಕೈ ಹಿಡಿದು ಎಬ್ಬಿಸ್ತಾ ಇತ್ತು. ಊರಿಗೆ ಊರೇ ಅಂಗಳಕ್ಕೆ ಬಂದು, ಗುಡಿಯಲ್ಲಿ ನಿಂತಂಗೆ ಚಪ್ಪಲಿ ಬಿಟ್ಟು ನಿಂತುಕೊಳ್ತಿತ್ತಂತೆ. ಆ ಬಾಯಿಬಡುಕಿ ರುದ್ರವ್ವನೂ ಸೊಸೆ ಪಕ್ಕ ಕೂತು, ಕಾಗೆ ಓಡಿಸೋಕೆ ಶುರು ಮಾಡಿದಳಂತೆ. ಆದರೆ ಸಂಪವ್ವನ ಕಣ್ಣು ಮಾತ್ರ ಇನ್ನೂ ಹುಡುಕ್ತಾನೇ ಇತ್ತು. ತೋಟ ಬಂತು, ಬೆಳಗು ಬಂತು, ಅವ್ವ ಎಲ್ಲಿ?

ಅಮಾವಾಸ್ಯೆ ಹತ್ತಿರ ಬಂತು. ಹೊರಡೋ ದಿನ. ಸೂರ್ಯ ಹುಟ್ಟಿದ, ಎಳೆಬಿಸಿಲು ನೇರ ಬಂದು ಹಲಗೆ ಮೇಲೆ ಬಿತ್ತು. ರುದ್ರವ್ವ ಬಾಗಿಲಿಂದ ಹೊರಗೆ ಬಂದೋಳೇ ಕಿರುಚಿದಳು: 'ಏಯ್, ಯಾರೇ ಅದು? ಎಷ್ಟು ಸಲ ಹೇಳೋದು? ನೆರಳು ಬಿಡೇ, ಹಲಗೆ ಮೇಲೆ ನಿನ್ನ ನೆರಳು ಬಿದ್ದೈತೆ!'

ಎಲ್ಲರೂ ತಿರುಗಿ ನೋಡಿದರು. ಹಲಗೆ ಮುಂದೆ ಯಾರೂ ಇರಲಿಲ್ಲ.

ಯಾರೂ ಇರಲಿಲ್ಲ, ನೆರಳಿತ್ತು. ಹಲಗೆಯ ಕೆಳಗಿನ ಅಂಚಿಂದ ಹೊರಟು, ಆ ಒದ್ದೆ ದಾರಿ ಮೇಲೆ ಉದ್ದಕ್ಕೆ, ತಿಳಿ ನೀಲಿಯಾಗಿ ಬಿದ್ದಿತ್ತು. ನಮ್ಮ ಜಾಗದಲ್ಲೇ, ಹಲಗೆ ನೋಡೋರು ನಿಲ್ಲೋ ಜಾಗದಲ್ಲೇ, ಬಿಸಿಲಿಗೆ ಬೆನ್ನು ಕೊಟ್ಟು ಯಾರೋ ನಿಂತಂಗೆ. ರುದ್ರವ್ವನ ಬಾಯಿ ಅವತ್ತು ಮೊದಲನೇ ಸಲ ಕಟ್ಟಿಹೋಯಿತಂತೆ. ಸಂಪವ್ವ ಹತ್ತಿರ ಹೋಗಿ ಮಂಡಿಯೂರಿದಳು. 'ಅಜ್ಜಿ, ಹೆಂಗಸಿನ ನೆರಳು' ಅಂದಳು. ಕೆಂಚವ್ವ ಕಿವಿಗೊಟ್ಟು ಕೇಳಿದಳು. 'ಸೊಂಟದ ಮೇಲೆ ಬುಟ್ಟಿ ಐತೆ' ಅಂದಳು. 'ಈ ಕಡೆ ಸೊಂಟದ ಮೇಲೂ ಏನೋ ಐತೆ. ದುಂಡಗೆ… ಪುಟ್ಟ ತಲೆ ಅಜ್ಜಿ… ಪುಟ್ಟ ಕೈ, ಕುತ್ತಿಗೆ ಹಿಡಕೊಂಡೈತೆ…' ಅಂದೋಳು ಅಲ್ಲಿಗೇ ನಿಂತಳು.

'ನೀನೇ ಕಣವ್ವ ಅದು' ಅಂದಳು ಕೆಂಚವ್ವ. 'ನಿಮ್ಮವ್ವ ನನ್ನ ಬೆನ್ನ ಹಿಂದೆ ನಿಂತಿದ್ದಳು. ಹಲಗೆ ಒಳಗೆ ಹುಡುಕಬೇಡ. ಈಗ ನೀನೆಲ್ಲಿದ್ದೀಯೋ ಅಲ್ಲಿದ್ದಾಳೆ.'

ಆಗ ಅತ್ತಳು ನೋಡ್ರಿ ಸಂಪವ್ವ. ಹುಟ್ಟಿದಾಗಿಂದ ಕಟ್ಟಿಟ್ಟಿದ್ದನ್ನೆಲ್ಲ ಅತ್ತಳು. ಅಲ್ಲೀವರೆಗೂ ತಲೆ ಎತ್ತದೆ ಕೂತಿದ್ದ ಮುರಿಗೆಪ್ಪ ಮೊದಲನೇ ಸಲ ಹಲಗೆಯ ಮುಖ ನೋಡಿದ. 'ಕತ್ತಲಲ್ಲಿಟ್ಟುಬಿಟ್ಟೆನಲ್ಲೇ ನಿಂಬೀ' ಅಂತ ನೆಲಕ್ಕೆ ಹಣೆ ಹಚ್ಚಿದ. ಸಂಪವ್ವ ಎದ್ದಳು, ಕಣ್ಣೊರೆಸಿಕೊಂಡಳು. ಇಷ್ಟು ದಿನ ಊರಿಗೆಲ್ಲ ನೆರಳು ಬಿಡ್ರಿ ಅಂದೋಳು, ಆವತ್ತು ತಾನೇ ಹೋಗಿ ಹಲಗೆ ಮುಂದೆ, ಸೂರ್ಯನಿಗೆ ಬೆನ್ನು ಮಾಡಿ ನಿಂತುಕೊಂಡಳು. ಅವಳ ನೆರಳು ಹೋಗಿ ಹಲಗೆ ಮೇಲೆ ಬಿತ್ತು. ಅವ್ವನ ನೆರಳಿನ ಪಕ್ಕಕ್ಕೇ ಬಿತ್ತು, ಭುಜಕ್ಕೆ ಭುಜ. ಯಾರೂ ಬೇಡ ಅನ್ನಲಿಲ್ಲ. ಕೆಂಚವ್ವನಿಗೆ ಅದು ಕಾಣಲಿಲ್ಲ. ಆದರೆ ಅಂಗಳ ಒಮ್ಮೆಗೇ ನಿಶ್ಶಬ್ದವಾಯಿತಲ್ಲ, ಅದರಲ್ಲೇ ಅವಳಿಗೆ ಎಲ್ಲಾ ತಿಳೀತಂತೆ.

ಸಂಪವ್ವ ಹೊಸಿಲು ದಾಟಿದಳು, ಬಂಡಿ ಹತ್ತಿದಳು. ಹಲಗೆ ಹೊತ್ತುಕೊಂಡು ಹೋದೋಳು ಯಾರು ಗೊತ್ತಾ? ರುದ್ರವ್ವ! ಸೀರೆ ಸುತ್ತೋಕೆ ಹೋದೋರ ಕೈಗೆ ಹೊಡೆದು, ನಮ್ಮನೆ ಪಡುವಣ ಗೋಡೆ ಎದುರಿಗೆ ಮೂಡಲ ಕಿಟಕಿ ಐತೆ, ದಿನಾ ಬಿಸಿಲು ಬರ್ತದೆ, ಅಲ್ಲೇ ಇದರ ಜಾಗ ಅಂದಳಂತೆ. ಕೆಂಚವ್ವ ಆಮೇಲೆ ಎಷ್ಟು ಕಾಲ ಇದ್ದಳೋ, ಆ ಹಲಗೆ ಈಗ ಎಲ್ಲೈತೋ, ನನಗೆ ತಿಳೀದು. ಬಿಸಿಲು ಕಂಡೈತೆ.

ಆವತ್ತಿಂದ ಈ ಊರಲ್ಲಿ ಹೆಣ್ಣುಮಕ್ಕಳ ಪೆಟ್ಟಿಗೆ ಬಿಸಿಲು ಕಾಣದೆ ಬಂಡಿ ಏರಲ್ಲ. ಹೊರಡೋ ಮುಂಚೆ ಮದುಮಗಳು ಎಳೆಬಿಸಿಲಿಗೆ ಬೆನ್ನು ಮಾಡಿ ಅಂಗಳದಲ್ಲಿ ನಿಲ್ತಾಳೆ, ಪಕ್ಕದಲ್ಲಿ ಅವಳ ಅವ್ವ ನಿಲ್ತಾಳೆ. ಎರಡು ನೆರಳು ಜೋಡಿಯಾಗಿ ಬೀಳೋವರೆಗೂ ಎತ್ತಿಗೆ ನೊಗ ಇಲ್ಲ. ಅವ್ವ ಇಲ್ಲದ ಮಗಳಾದರೆ, ಆ ಜಾಗಕ್ಕೆ ನೀರು ಚಿಮುಕಿಸಿ, ಒಂದು ಹಿಡಿ ಮೊಗ್ಗು ಇಟ್ಟು, ಖಾಲಿ ಬಿಡ್ತಾರೆ.

ಅಗೋ, ಮಾಳಿಗೆ ಅಂಚಿಗೆ ಬಿಸಿಲು ಬಂತು. ಬೀಗರೇ, ಸ್ವಲ್ಪ ಆಚೆ ಸರೀರಿ. ನೀರು ಚಿಮುಕಿಸ್ರೇ ಯಾರಾದರೂ, ಮೊಗ್ಗು ತನ್ನಿ. ಏಳು ಮಗಳೇ, ಅಳಬೇಡ. ಇಲ್ಲಿ ನಿಲ್ಲು, ಬೆನ್ನು ಸೂರ್ಯನಿಗೆ. ಇನ್ನೂ ಒಂಚೂರು ಈ ಕಡೆ ಬಾ. ನಿಮ್ಮವ್ವನಿಗೆ ಜಾಗ ಬಿಡು.